ತಲೆ ಎಣಿಸಿದರೆ ಸಾಲದು: ಚದುರಿದ ನೆಲೆಗಳಲ್ಲಿ ತೋಳಗಳ ತಳಿವೈವಿಧ್ಯ

ಸುಗ್ಗಿ ಮುಗಿದ ಮೇಲೆ ಬೀಳಗಿ ತಾಲ್ಲೂಕಿನ ಬಾಡಗಂಡಿಯ ಸುತ್ತಮುತ್ತಲ ಹೊಲಗಳಲ್ಲಿ ಕುರಿಹಿಂಡು ತರುಬುವುದು ಸಾಮಾನ್ಯ ನೋಟ. ಕುರಿ ಸಾಕುವವರಿಗೆ ಪಶುವೈದ್ಯರು ತಪ್ಪದೆ ಹೇಳುವ ಒಂದು ಮಾತಿದೆ: ಎರಡು ವರ್ಷಕ್ಕೊಮ್ಮೆ ಹಿಂಡಿನ ಟಗರನ್ನು ಬದಲಿಸಿ. ಕಾರಣ ಸರಳ. ಅಷ್ಟರಲ್ಲಿ ಆ ಟಗರಿಗೆ ಹುಟ್ಟಿದ ಹೆಣ್ಣು ಮರಿಗಳು ಬೆಳೆದು ಬೆದೆಗೆ ಬಂದಿರುತ್ತವೆ. ಟಗರು ಅಲ್ಲೇ ಉಳಿದರೆ ತನ್ನ ಮಕ್ಕಳನ್ನೇ ಕೂಡುತ್ತದೆ. ಹಾಗೆ ಹುಟ್ಟಿದ ಮರಿಗಳಲ್ಲಿ ತೂಕ ಕಡಿಮೆ, ಸಾವು ಹೆಚ್ಚು. ಆದ್ದರಿಂದ ಬೇರೆ ಊರಿನ, ಬೇರೆ ಹಿಂಡಿನ ಟಗರು ತರಬೇಕು.

ಅದೇ ಹಿಂಡಿನ ಮೇಲೆ ರಾತ್ರಿ ಕಣ್ಣಿಟ್ಟು ಬರುವ ತೋಳಕ್ಕೂ ಈ ನಿಯಮ ಅನ್ವಯಿಸುತ್ತದೆ. ಆದರೆ ಅದರ ಗಂಡನ್ನು ಬದಲಿಸಿ ಕೊಡುವವರು ಯಾರೂ ಇಲ್ಲ. ಪ್ರಾಯಕ್ಕೆ ಬಂದ ತೋಳ ತಾನೇ ಹುಟ್ಟಿದ ಗುಂಪನ್ನು ಬಿಟ್ಟು, ಹತ್ತಾರು ಅಥವಾ ನೂರಾರು ಕಿಲೋಮೀಟರ್ ನಡೆದು, ಸಂಬಂಧವಿಲ್ಲದ ಸಂಗಾತಿಯನ್ನು ಹುಡುಕಬೇಕು. ನಡುವಿನ ದಾರಿ ಮುಚ್ಚಿದರೆ ಏನಾಗುತ್ತದೆ? ತೋಳ, ಹುಲಿ, ಸಿಂಹಗಳಂಥ ದೊಡ್ಡ ಮಾಂಸಾಹಾರಿಗಳ ಸಂರಕ್ಷಣೆಯಲ್ಲಿ ಇಂದು ಮುಖ್ಯವಾಗಿರುವ ಪ್ರಶ್ನೆ ಇದು.

ಎರಡು ನದಿಗಳ ನಡುವೆ

ಬೀಳಗಿ ತಾಲ್ಲೂಕು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ ಚಾಚಿಕೊಂಡ ನಾಲಿಗೆಯಂತಿದೆ. ಪೂರ್ವಕ್ಕೆ ಚಿಕ್ಕಸಂಗಮದ ಬಳಿ ಎರಡೂ ನದಿಗಳು ಕೂಡುತ್ತವೆ. ಆಲಮಟ್ಟಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಹಿನ್ನೀರು ಎರಡೂ ಕಣಿವೆಗಳಲ್ಲಿ ಹರಡಿಕೊಳ್ಳುತ್ತದೆ. ಪಶ್ಚಿಮಕ್ಕೆ ಮುಧೋಳ, ಜಮಖಂಡಿಗಳ ನೀರಾವರಿ ಕಬ್ಬು. ನಡುವೆ ಉಳಿದಿರುವುದು ಕಲ್ಲುಗುಡ್ಡ, ಕುರುಚಲು ಕಾಡು ಮತ್ತು ಗಾಯರಾಣ. ಈ ಒಣಭೂಮಿಯಲ್ಲಿ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಸುಮಾರು 96 ಚದರ ಕಿಲೋಮೀಟರ್ ಪ್ರದೇಶವನ್ನು 2016ರಲ್ಲಿ ಯಡಹಳ್ಳಿ ಚಿಂಕಾರಾ ವನ್ಯಧಾಮವೆಂದು ಘೋಷಿಸಲಾಯಿತು. ಹೆಸರು ಚಿಂಕಾರಾದ್ದಾದರೂ ತೋಳ, ಕತ್ತೆಕಿರುಬ, ನರಿಗಳಿಗೂ ಅದು ನೆಲೆ.

96 ಚದರ ಕಿಲೋಮೀಟರ್ ಎಂದರೆ ಬಹಳವೆನಿಸಬಹುದು. ತೋಳದ ಲೆಕ್ಕದಲ್ಲಿ ಅದು ಬಹಳವಲ್ಲ. ಬಯಲುಸೀಮೆಯ ಒಂದು ತೋಳದ ಗುಂಪು ಬೇಟೆಗಾಗಿ ಸುತ್ತುವ ಪ್ರದೇಶವೇ ನೂರು ಚದರ ಕಿಲೋಮೀಟರನ್ನು ಸುಲಭವಾಗಿ ಮೀರುತ್ತದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಚೆಗೆ ತೋಳಗಳಿಗಾಗಿಯೇ ಮೀಸಲಾದ ವನ್ಯಧಾಮದ ವಿಸ್ತಾರ 332 ಎಕರೆ, ಅಂದರೆ ಒಂದೂವರೆ ಚದರ ಕಿಲೋಮೀಟರಿಗಿಂತ ಕಡಿಮೆ. ಮರಿ ಹಾಕಲು ಅದು ಒಳ್ಳೆಯ ಆಸರೆ. ಆದರೆ ಅಲ್ಲಿ ಹುಟ್ಟಿದ ಮರಿಗಳು ಬದುಕುವುದು ಸುತ್ತಲಿನ ರೈತರ ಮತ್ತು ಕುರಿಗಾಹಿಗಳ ನೆಲದಲ್ಲೇ.

ಭಾರತದಲ್ಲಿ ಇಂದು ಸುಮಾರು 3,000 ತೋಳಗಳಿವೆ ಎಂದು ಅಂದಾಜು. ಇದು ಹುಲಿಗಳ ಸಂಖ್ಯೆಗಿಂತ ಹೆಚ್ಚಲ್ಲ. 2021ರ ಜೀನೋಮ್ ಅಧ್ಯಯನವೊಂದು ಭಾರತದ ತೋಳ ಜಗತ್ತಿನ ಬೂದು ತೋಳಗಳಲ್ಲೇ ಬಹು ಹಿಂದೆ ಕವಲೊಡೆದ ವಂಶವೆಂದು ತೋರಿಸಿತು. ಐಯುಸಿಎನ್ 2025ರಲ್ಲಿ ಅದನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಅಪಾಯಕ್ಕೆ ಒಳಗಾಗುವ ವರ್ಗಕ್ಕೆ ಸೇರಿಸಿತು. ಇಲ್ಲಿ ಕಳೆದುಹೋದ ವಂಶವಾಹಿಯನ್ನು ಯುರೋಪಿನಿಂದಲೋ ಅಮೆರಿಕದಿಂದಲೋ ತರಿಸಿ ತುಂಬುವಂತಿಲ್ಲ.

ತಳಿವೈವಿಧ್ಯ ಎಂದರೇನು?

ಪ್ರತಿ ಪ್ರಾಣಿಯಲ್ಲೂ ಒಂದೊಂದು ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ. ಈ ಎರಡೂ ಒಂದೇ ರೂಪದವಾಗಿರಬಹುದು, ಭಿನ್ನವೂ ಆಗಿರಬಹುದು. ಒಂದು ಸಮುದಾಯದಲ್ಲಿ ಎಷ್ಟು ಬಗೆಯ ರೂಪಗಳಿವೆ ಮತ್ತು ಒಂದೊಂದು ಪ್ರಾಣಿಯಲ್ಲಿ ಎಷ್ಟು ಕಡೆ ಎರಡು ಪ್ರತಿಗಳು ಭಿನ್ನವಾಗಿವೆ ಎಂಬುದೇ ತಳಿವೈವಿಧ್ಯದ ಅಳತೆ. ರೋಗ ಬಂದಾಗ, ಹವೆ ಬದಲಾದಾಗ, ಆಹಾರ ಬದಲಾದಾಗ ಕೆಲವಾದರೂ ಪ್ರಾಣಿಗಳು ತಾಳಿಕೊಳ್ಳಲು ಈ ವೈವಿಧ್ಯವೇ ಬಂಡವಾಳ.

ಈ ಬಂಡವಾಳ ಕರಗುವುದು ಹೇಗೆ? ಒಂದು ಜೋಡಿ ತೋಳಗಳಿಗೆ ಮೂರು ಮರಿಗಳು ಬದುಕುಳಿದವು ಎನ್ನೋಣ. ತಾಯಿಯಲ್ಲಿ ಒಂದು ಅಪರೂಪದ ವಂಶವಾಹಿ ರೂಪದ ಒಂದೇ ಪ್ರತಿ ಇದೆ. ಒಂದು ಮರಿಗೆ ಅದು ಸಿಗದಿರುವ ಸಾಧ್ಯತೆ ಅರ್ಧ. ಮೂರಕ್ಕೂ ಸಿಗದಿರುವ ಸಾಧ್ಯತೆ ಎಂಟರಲ್ಲಿ ಒಂದು. ಆ ರೂಪ ಒಳ್ಳೆಯದೋ ಕೆಟ್ಟದೋ ಎಂಬುದಕ್ಕೂ ಈ ನಷ್ಟಕ್ಕೂ ಸಂಬಂಧವಿಲ್ಲ. ನಾಣ್ಯ ಚಿಮ್ಮಿದ ಹಾಗೆ ಅದು ಆಕಸ್ಮಿಕ. ಇದಕ್ಕೆ ಜೆನೆಟಿಕ್ ಡ್ರಿಫ್ಟ್, ಅಂದರೆ ಆಕಸ್ಮಿಕ ಪಲ್ಲಟ ಎಂದು ಹೆಸರು. ಸಾವಿರಾರು ಪ್ರಾಣಿಗಳಿದ್ದರೆ ಒಂದು ಕಡೆಯ ನಷ್ಟ ಇನ್ನೊಂದು ಕಡೆ ತುಂಬಿಬರುತ್ತದೆ. ಹತ್ತೇ ಇದ್ದರೆ ಹೋದದ್ದು ಹೋದಂತೆಯೇ.

ಈ ಪಲ್ಲಟವನ್ನು ಕಣ್ಣಾರೆ ಕಾಣಬೇಕಾದರೆ ಒಡಿಶಾದ ಸಿಮ್ಲಿಪಾಲ್ ಹುಲಿಗಳನ್ನು ನೋಡಬೇಕು. ಅಲ್ಲಿ ಪಟ್ಟೆಗಳು ಅಗಲವಾಗಿ ಕೂಡಿಕೊಂಡು ಮೈ ಕಪ್ಪಾಗಿ ಕಾಣುವ ಹುಲಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದರ ಕಾರಣವನ್ನು ಪ್ರಕಟಿಸಿತು. ಒಂದೇ ವಂಶವಾಹಿಯಲ್ಲಿ ಆದ ಸಣ್ಣ ಬದಲಾವಣೆ ಅದು. ಬೇರೆ ಕಾಡುಗಳಲ್ಲಿ ಕಾಣದ ಈ ರೂಪ, ಉಳಿದ ಹುಲಿಗಳಿಂದ ಬೇರ್ಪಟ್ಟ ಸಣ್ಣ ಸಿಮ್ಲಿಪಾಲ್ ಸಮುದಾಯದಲ್ಲಿ ಸಾಮಾನ್ಯವಾಗಿಬಿಟ್ಟಿದೆ. ಬಣ್ಣದ ವಂಶವಾಹಿಗೆ ಆದದ್ದು ಕಣ್ಣಿಗೆ ಬೀಳುತ್ತದೆ. ಹೃದಯ, ವೀರ್ಯ, ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ವಂಶವಾಹಿಗಳಿಗೆ ಹೀಗಾದರೆ ಹೊರಗೆ ಕಾಣುವುದಿಲ್ಲ.

ನಲವತ್ತು ತೋಳ, ಹನ್ನೆರಡೇ ತಾಯಿತಂದೆ

ಇಲ್ಲೊಂದು ಲೆಕ್ಕವಿದೆ. ಯಾವುದೋ ಒಂದು ಪ್ರದೇಶದಲ್ಲಿ 40 ತೋಳಗಳಿವೆ ಎಂದು ಭಾವಿಸೋಣ. ಅವು ಆರು ಗುಂಪುಗಳಲ್ಲಿವೆ. ತೋಳದ ಗುಂಪಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದು ಒಂದೇ ಜೋಡಿ. ಉಳಿದವು ಅದರ ಮಕ್ಕಳು. ಹಾಗಾದರೆ ಮುಂದಿನ ಪೀಳಿಗೆಗೆ ವಂಶವಾಹಿ ದಾಟಿಸುವವು 12 ಮಾತ್ರ. ತಳಿವಿಜ್ಞಾನದಲ್ಲಿ ಇದನ್ನು ಪರಿಣಾಮಿ ಸಂಖ್ಯೆ ಎನ್ನುತ್ತಾರೆ.

ವೈವಿಧ್ಯದ ನಷ್ಟ ನಿರ್ಧಾರವಾಗುವುದು ಈ ಸಂಖ್ಯೆಯಿಂದ. ಪ್ರತಿ ಪೀಳಿಗೆಯಲ್ಲಿ ಕಳೆದುಹೋಗುವ ಪಾಲು ಎಂದರೆ ಪರಿಣಾಮಿ ಸಂಖ್ಯೆಯ ಇಮ್ಮಡಿಯಿಂದ ಒಂದನ್ನು ಭಾಗಿಸಿದಷ್ಟು. 12ಕ್ಕೆ ಅದು 24ರಲ್ಲಿ ಒಂದು, ಅಂದರೆ ಶೇಕಡಾ 4ಕ್ಕಿಂತ ತುಸು ಹೆಚ್ಚು. ಹತ್ತು ಪೀಳಿಗೆ ಕಳೆದರೆ ಮೂಲ ವೈವಿಧ್ಯದ ಸುಮಾರು ಶೇಕಡಾ 65 ಮಾತ್ರ ಉಳಿಯುತ್ತದೆ. ತೋಳದ ಒಂದು ಪೀಳಿಗೆಯನ್ನು ನಾಲ್ಕು ವರ್ಷವೆಂದು ಹಿಡಿದರೆ ಇದು ನಲವತ್ತು ವರ್ಷದ ಮಾತು. ಪರಿಣಾಮಿ ಸಂಖ್ಯೆ 50 ಇದ್ದರೆ ಅಷ್ಟೇ ಅವಧಿಯಲ್ಲಿ ಶೇಕಡಾ 90 ಉಳಿಯುತ್ತದೆ. 500 ಇದ್ದರೆ ಶೇಕಡಾ 99.

ಇದರಲ್ಲಿ ಮೋಸಹೋಗುವ ಸಂದರ್ಭವೊಂದಿದೆ. ನಲವತ್ತು ವರ್ಷವೂ ಗಣತಿಯಲ್ಲಿ 40 ತೋಳಗಳೇ ಸಿಗಬಹುದು. ವರದಿಯಲ್ಲಿ ಸಂಖ್ಯೆ ಸ್ಥಿರವಾಗಿದೆ ಎಂದು ಬರೆಯಬಹುದು. ಒಳಗೆ ಮಾತ್ರ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ವೈವಿಧ್ಯ ಖಾಲಿಯಾಗಿರುತ್ತದೆ. ತಲೆ ಎಣಿಸಿದರೆ ಸಾಲದು ಎನ್ನುವುದು ಇದಕ್ಕಾಗಿ.

ಒಳಸಂಕರದ ಹಾನಿ

ಹತ್ತಿರದ ರಕ್ತಸಂಬಂಧಿಗಳು ಕೂಡುವುದಕ್ಕೆ ಒಳಸಂಕರ ಎಂದು ಹೆಸರು. ಎಲ್ಲ ಪ್ರಾಣಿಗಳಲ್ಲೂ ಕೆಲವು ದೋಷಯುಕ್ತ ವಂಶವಾಹಿ ರೂಪಗಳು ಅಡಗಿರುತ್ತವೆ. ಇನ್ನೊಂದು ಪ್ರತಿ ಸರಿಯಾಗಿದ್ದರೆ ದೋಷ ಹೊರಬೀಳದು. ತಾಯಿತಂದೆ ಒಂದೇ ಮೂಲದವರಾದಾಗ ಮರಿಗೆ ಎರಡೂ ಕಡೆಯಿಂದ ದೋಷದ ಪ್ರತಿಯೇ ಬರುವ ಸಂಭವ ಹೆಚ್ಚುತ್ತದೆ. ನಮ್ಮ ಕಡೆ ರೂಢಿಯಲ್ಲಿರುವ ಸೋದರಮಾವನೊಂದಿಗಿನ ಮದುವೆಯಲ್ಲಿ ಮಗುವಿನ ಒಂದು ವಂಶವಾಹಿಯ ಎರಡೂ ಪ್ರತಿಗಳು ಒಂದೇ ಪೂರ್ವಜರಿಂದ ಬರುವ ಸಾಧ್ಯತೆ ಎಂಟರಲ್ಲಿ ಒಂದು. ಅಣ್ಣತಂಗಿ ತೋಳಗಳು ಕೂಡಿದಾಗ ಅದು ನಾಲ್ಕರಲ್ಲಿ ಒಂದು. ಸಣ್ಣ ಸಮುದಾಯದಲ್ಲಿ ಇದು ಪೀಳಿಗೆಯಿಂದ ಪೀಳಿಗೆಗೆ ಕೂಡುತ್ತಾ ಹೋಗುತ್ತದೆ.

ಅಮೆರಿಕದ ಫ್ಲಾರಿಡಾದ ಪ್ಯೂಮಾಗಳು ಇದಕ್ಕೆ ಪ್ರಸಿದ್ಧ ಉದಾಹರಣೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಉಳಿದಿದ್ದವು ಇಪ್ಪತ್ತು ಇಪ್ಪತ್ತೈದು ಮಾತ್ರ. ಅವುಗಳ ಬಾಲದ ತುದಿ ಸೊಟ್ಟಗಾಗಿತ್ತು. ಹಲವು ಗಂಡುಗಳಲ್ಲಿ ವೃಷಣ ಕೆಳಗಿಳಿದಿರಲಿಲ್ಲ. ಹೃದಯದಲ್ಲಿ ರಂಧ್ರವಿದ್ದವೂ ಇದ್ದವು. 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಡಲಾಯಿತು. 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವುಗಳ ಸಂಖ್ಯೆ ಮೂರು ಪಟ್ಟಾಗಿತ್ತು, ತಳಿವೈವಿಧ್ಯ ಇಮ್ಮಡಿಸಿತ್ತು, ದೋಷಗಳು ಕಡಿಮೆಯಾಗಿದ್ದವು. ಹೊಸ ರಕ್ತದಿಂದ ಸಮುದಾಯವನ್ನು ಉಳಿಸುವ ಈ ಕ್ರಮಕ್ಕೆ ಜೆನೆಟಿಕ್ ರೆಸ್ಕ್ಯೂ ಎಂಬ ಹೆಸರು ಬಿತ್ತು.

ಎರಡು ತೋಳ ಸಮುದಾಯಗಳ ಪಾಠ

ತೋಳಗಳಲ್ಲೇ ಎರಡು ಸಮುದಾಯಗಳನ್ನು ವಿಜ್ಞಾನಿಗಳು ದಶಕಗಳ ಕಾಲ ಗಮನಿಸಿದ್ದಾರೆ.

ಮೊದಲನೆಯದು ಸ್ವೀಡನ್ ಮತ್ತು ನಾರ್ವೆಯದು. ಅಲ್ಲಿ ತೋಳಗಳು ಅಳಿದೇಹೋಗಿದ್ದವು. 1983ರಲ್ಲಿ ದೂರದ ಪೂರ್ವದಿಂದ ಬಂದ ಒಂದು ಜೋಡಿ ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ ಮರಿ ಹಾಕಿತು. ಮುಂದೆ ಎಂಟು ವರ್ಷ ಅವುಗಳ ಸಂಖ್ಯೆ ಹತ್ತನ್ನು ದಾಟಲಿಲ್ಲ. 1991ರ ಹೊತ್ತಿಗೆ ಒಂದೇ ಒಂದು ಗಂಡು ತೋಳ ಹೊಸದಾಗಿ ಬಂದು ಸೇರಿಕೊಂಡಿತು. ಅಲ್ಲಿಂದ ಸಂಖ್ಯೆ ಏರತೊಡಗಿ ಹೊಸ ಶತಮಾನದ ಆರಂಭಕ್ಕೆ ನೂರರ ಸಮೀಪ ಬಂತು. ಆದರೆ ಮೂರೇ ತೋಳಗಳಿಂದ ಬೆಳೆದ ಆ ಸಮುದಾಯದಲ್ಲಿ ಒಳಸಂಕರ ಮತ್ತೆ ಹೆಚ್ಚಿ, ಚಳಿಗಾಲದವರೆಗೆ ಬದುಕುಳಿಯುವ ಮರಿಗಳ ಸಂಖ್ಯೆ ಇಳಿಯಿತು.

ಎರಡನೆಯದು ಅಮೆರಿಕದ ಸುಪೀರಿಯರ್ ಸರೋವರದಲ್ಲಿರುವ ಐಲ್ ರಾಯಲ್ ದ್ವೀಪ. 1940ರ ದಶಕದ ಕೊನೆಗೆ ತೋಳಗಳು ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆದು ಅಲ್ಲಿಗೆ ತಲುಪಿದವು. 1980ರಲ್ಲಿ ಅವು 50 ಇದ್ದವು. ನಂತರ ನಾಯಿಗಳಿಂದ ಬಂದ ಪಾರ್ವೊ ವೈರಸ್ ಹೆಚ್ಚಿನವನ್ನು ಕೊಂದಿತು. 1997ರಲ್ಲಿ ಒಂದು ಗಂಡು ತೋಳ ಮಂಜುಗಡ್ಡೆ ದಾಟಿ ಬಂತು. ಅದರ ಸಂತಾನ ಬಲಿಷ್ಠವಾಗಿತ್ತು. ಎಷ್ಟು ಬಲಿಷ್ಠವೆಂದರೆ, ಕೆಲವೇ ಪೀಳಿಗೆಗಳಲ್ಲಿ ದ್ವೀಪದ ತೋಳಗಳೆಲ್ಲ ಅದರದೇ ಮಕ್ಕಳು ಮೊಮ್ಮಕ್ಕಳಾದವು. ಮತ್ತೆ ಒಳಸಂಕರ, ಮತ್ತೆ ಬೆನ್ನುಮೂಳೆಯ ದೋಷ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟುವುದು ಅಪರೂಪವಾಗಿ ಹೊಸ ತೋಳ ಬರಲಿಲ್ಲ. 2018ರ ವೇಳೆಗೆ ಉಳಿದದ್ದು ಎರಡೇ. ಅವೂ ಹತ್ತಿರದ ರಕ್ತಸಂಬಂಧಿಗಳು. ಕೊನೆಗೆ 2018 ಮತ್ತು 2019ರಲ್ಲಿ 19 ತೋಳಗಳನ್ನು ಹೊರಗಿನಿಂದ ತಂದು ಬಿಡಬೇಕಾಯಿತು.

ಎರಡೂ ಕಡೆ ಕಂಡುಬಂದದ್ದು ಒಂದೇ ಸತ್ಯ. ಒಬ್ಬ ಹೊಸಬ ಸಮುದಾಯವನ್ನು ಎತ್ತಿ ನಿಲ್ಲಿಸಬಲ್ಲ. ಆದರೆ ಒಮ್ಮೆ ಬಂದರೆ ಸಾಲದು, ಬರುತ್ತಲೇ ಇರಬೇಕು.

ಎಷ್ಟು ಬಂದರೆ ಸಾಕು?

ತಳಿವಿಜ್ಞಾನಿ ಸ್ಯೂವಲ್ ರೈಟ್ ಅವರ ಲೆಕ್ಕಾಚಾರದಿಂದ ಬಂದ ಒಂದು ಸೂತ್ರವಿದೆ: ಪೀಳಿಗೆಗೆ ಒಂದು ವಲಸೆ ಪ್ರಾಣಿ. ಸಮುದಾಯ ಸಣ್ಣದಿರಲಿ, ದೊಡ್ಡದಿರಲಿ, ಸಂಖ್ಯೆ ಒಂದೇ ಎಂಬುದು ಮೊದಲ ನೋಟಕ್ಕೆ ವಿಚಿತ್ರ. ಕಾರಣ ಹೀಗಿದೆ. ಸಣ್ಣ ಸಮುದಾಯದಲ್ಲಿ ಆಕಸ್ಮಿಕ ಪಲ್ಲಟ ವೇಗವಾಗಿ ನಡೆಯುತ್ತದೆ. ಆದರೆ ಅಲ್ಲಿ ಒಂದು ಹೊಸ ಪ್ರಾಣಿಯ ಪಾಲೂ ದೊಡ್ಡದು. ದೊಡ್ಡ ಸಮುದಾಯದಲ್ಲಿ ಒಂದು ಪ್ರಾಣಿಯ ಪಾಲು ಸಣ್ಣದು, ಪಲ್ಲಟವೂ ನಿಧಾನ. ಎರಡೂ ಸರಿದೂಗುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ಬಂದು ಮರಿ ಮಾಡಿದ ಪ್ರಾಣಿ ಮಾತ್ರ. ಬಂದವುಗಳಲ್ಲಿ ಹಲವು ಸಂಗಾತಿ ಸಿಗದೆ, ರಸ್ತೆಯಲ್ಲಿ ಸಿಕ್ಕಿ, ವಿಷ ತಿಂದು ಸಾಯುತ್ತವೆ. ಆದ್ದರಿಂದ ಪೀಳಿಗೆಗೆ ಒಂದರಿಂದ ಹತ್ತರವರೆಗೆ ಬೇಕೆಂದು 1996ರಲ್ಲಿ ಮಿಲ್ಸ್ ಮತ್ತು ಅಲೆಂಡಾರ್ಫ್ ಸೂಚಿಸಿದರು.

ಸಂಖ್ಯೆ ಕಡಿಮೆಯೇ. ನಾಲ್ಕು ವರ್ಷಕ್ಕೆ ಒಂದೆರಡು ತೋಳಗಳು ಸುರಕ್ಷಿತವಾಗಿ ಬಂದು ನೆಲೆನಿಂತರೆ ಸಾಕು. ಅವುಗಳಿಗೆ ದಾರಿ ಇದೆಯೇ ಎಂಬುದೇ ಪ್ರಶ್ನೆ.

ದಾರಿ ಉಳಿಸುವುದೋ, ಹೊತ್ತು ತರುವುದೋ?

ಪಾಲನೆಗೆ ಮುಖ್ಯವಾಗಿ ಎರಡು ಮಾರ್ಗಗಳಿವೆ. ಒಂದು, ನೆಲೆಗಳ ನಡುವಿನ ಓಡಾಟದ ಹಾದಿಯನ್ನು ಉಳಿಸುವುದು. ಇನ್ನೊಂದು, ಪ್ರಾಣಿಯನ್ನು ಹಿಡಿದು ಬೇರೆಡೆ ಬಿಡುವುದು.

ಹಾದಿ ಇದ್ದರೆ ಪ್ರಾಣಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. ಬಂಡೀಪುರದಲ್ಲಿ ಕ್ಯಾಮೆರಾ ಬಲೆಗೆ ಸಿಕ್ಕಿದ್ದ ಗಂಡು ಹುಲಿಯೊಂದು 2011ರಲ್ಲಿ ಸುಮಾರು 280 ಕಿಲೋಮೀಟರ್ ದೂರದ ಶಿಕಾರಿಪುರ ತಾಲ್ಲೂಕಿನಲ್ಲಿ ಪತ್ತೆಯಾಯಿತು. ಕಾಳಿ ಹುಲಿ ಮೀಸಲಿನ ಹುಲಿಗಳು ಮಹಾರಾಷ್ಟ್ರದ ಸಹ್ಯಾದ್ರಿ ಮೀಸಲಿನವರೆಗೆ ಹೋಗಿರುವುದೂ ಕ್ಯಾಮೆರಾಗಳಿಂದ ಗೊತ್ತಾಗಿದೆ. ಅವುಗಳ ಮೈಮೇಲಿನ ಪಟ್ಟೆ ನಮ್ಮ ಬೆರಳಚ್ಚಿನ ಹಾಗೆ, ಗುರುತು ತಪ್ಪುವಂತಿಲ್ಲ.

ಹಿಡಿದು ಸಾಗಿಸುವುದು ಹೇಳಿದಷ್ಟು ಸುಲಭವಲ್ಲ. ಸಿಮ್ಲಿಪಾಲ್‌ನ ವೈವಿಧ್ಯ ಹೆಚ್ಚಿಸಲು 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣು ಹುಲಿಗಳನ್ನು ತರಲಾಯಿತು. ಜೀನತ್ ಮೀಸಲು ದಾಟಿ ಜಾರ್ಖಂಡ್, ಪಶ್ಚಿಮ ಬಂಗಾಳಗಳನ್ನು ಸುತ್ತಿತು. ಡಿಸೆಂಬರ್ ಕೊನೆಗೆ ಅದನ್ನು ಅರಿವಳಿಕೆ ಕೊಟ್ಟು ಹಿಡಿದು ಹಿಂದಕ್ಕೆ ತರಬೇಕಾಯಿತು. ಸ್ಥಳಾಂತರದಲ್ಲಿ ರೋಗ ಹರಡುವ ಅಪಾಯವೂ ಇದೆ. ತೀರ ಬೇರೆ ಹವಾಮಾನದ, ಬಹುಕಾಲದಿಂದ ಬೇರ್ಪಟ್ಟ ತಳಿಯನ್ನು ತಂದರೆ ಸ್ಥಳೀಯ ಹೊಂದಾಣಿಕೆ ಕೆಡಬಹುದು. ಆದ್ದರಿಂದ ಹಿಂದೆ ಸಹಜವಾಗಿ ಸಂಪರ್ಕವಿದ್ದ ಹತ್ತಿರದ ನೆಲೆಯಿಂದ ತರುವುದೇ ಕ್ರಮ. ದಾರಿ ಇನ್ನೂ ಪೂರ್ತಿ ಮುಚ್ಚಿಲ್ಲದ ಕಡೆ ದಾರಿಯನ್ನು ಉಳಿಸುವುದೇ ಅಗ್ಗ ಮತ್ತು ಬಾಳಿಕೆಯ ಉಪಾಯ.

ಹುಲಿಗೆ ದಾರಿ ಎಂದರೆ ಕಾಡು. ತೋಳಕ್ಕೆ ದಾರಿ ಎಂದರೆ ಗಾಯರಾಣ, ಹಳ್ಳದ ದಂಡೆ, ಬೀಳು ಬಿಟ್ಟ ಹೊಲ, ಕಲ್ಲುಗುಡ್ಡ. ಸರ್ಕಾರಿ ದಾಖಲೆಗಳಲ್ಲಿ ಇವುಗಳಲ್ಲಿ ಬಹುಪಾಲಿಗೆ ಬಂಜರು, ಪಡ ಎಂಬ ಹೆಸರು. ಕಲ್ಲುಗಣಿಗೋ, ಕೈಗಾರಿಕೆಗೋ, ಸೌರ ಫಲಕಗಳಿಗೋ ಜಾಗ ಬೇಕಾದಾಗ ಮೊದಲು ಕಣ್ಣು ಬೀಳುವುದು ಇವುಗಳ ಮೇಲೆಯೇ. ಮರಗಳಿಲ್ಲವೆಂದು ಹುಲ್ಲುಗಾವಲಿನಲ್ಲಿ ಒತ್ತಾಗಿ ನೀಲಗಿರಿ, ಅಕೇಶಿಯಾ ನೆಟ್ಟರೂ ಚಿಂಕಾರಾ ಮತ್ತು ತೋಳಗಳಿಗೆ ನಷ್ಟವೇ.

ನಾಯಿ ತರುವ ತೊಡಕು

ಮುಧೋಳ ಎಂದರೆ ನಾಯಿಗೆ ಹೆಸರು. ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂದಿದೆ. ತಳಿ ಕೆಡದಂತೆ ಜೋಡಿ ಆರಿಸಬೇಕು, ಆದರೆ ಅಣ್ಣತಂಗಿ ಕೂಡದಂತೆಯೂ ನೋಡಿಕೊಳ್ಳಬೇಕು ಎಂಬುದು ಅಲ್ಲಿನ ಸಾಕಣೆಗಾರರಿಗೆ ತಿಳಿದ ವಿಷಯ. ತೋಳಕ್ಕೂ ಈ ಎರಡೂ ಕಾಳಜಿಗಳು ಒಟ್ಟಿಗೇ ಬೇಕು.

ನಾಯಿ ಮತ್ತು ತೋಳ ಒಂದೇ ಮೂಲದವು. ಕೂಡಿದರೆ ಸಂತಾನಶಕ್ತಿಯಿರುವ ಮರಿಗಳು ಹುಟ್ಟುತ್ತವೆ. ತೋಳಗಳು ಬೇಕಾದಷ್ಟಿದ್ದಾಗ ಇದು ಅಪರೂಪ. ತೋಳಕ್ಕೆ ತೋಳ ಸಿಗದಾಗ ಬೀದಿನಾಯಿಯೇ ಸಂಗಾತಿಯಾಗುತ್ತದೆ. ಪುಣೆ ಭಾಗದ ಹುಲ್ಲುಗಾವಲುಗಳಲ್ಲಿ ಕಂಡ ಇಂಥ ಮಿಶ್ರತಳಿಯನ್ನು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ ಮತ್ತು ಏಟ್ರೀ ಸಂಸ್ಥೆಗಳ ವಿಜ್ಞಾನಿಗಳು ಸೇರಿ 2023ರಲ್ಲಿ ಜೀನೋಮ್ ಪರೀಕ್ಷೆಯಿಂದ ದೃಢಪಡಿಸಿದರು. ಹೀಗೆ ಬರುವ ಹೊಸ ರಕ್ತ ವೈವಿಧ್ಯವನ್ನು ಹೆಚ್ಚಿಸಿದಂತೆ ಕಂಡರೂ ತೋಳದ ವಂಶವನ್ನು ನಾಯಿಯೊಳಗೆ ಕರಗಿಸುತ್ತದೆ.

ರೋಗದ ಭಯ ಇನ್ನೊಂದು. ಗಿರ್ ಅರಣ್ಯದಲ್ಲಿ 2018ರಲ್ಲಿ ಕೆನೈನ್ ಡಿಸ್ಟೆಂಪರ್ ವೈರಸ್ಸಿನ ಹಾವಳಿಯಲ್ಲಿ ಹಲವು ಸಿಂಹಗಳು ಸತ್ತವು. ರೇಬಿಸ್, ಪಾರ್ವೊಗಳೂ ತೋಳಕ್ಕೆ ತಗಲುತ್ತವೆ. ಒಂದೇ ಬಗೆಯ ರೋಗನಿರೋಧಕ ವಂಶವಾಹಿಗಳಿರುವ ಸಣ್ಣ ಗುಂಪಿಗೆ ಇಂಥ ಒಂದು ರೋಗವೇ ಕೊನೆಯಾಗಬಹುದು. ವನ್ಯಧಾಮದ ಸುತ್ತಲ ಹಳ್ಳಿಗಳಲ್ಲಿ ನಾಯಿಗಳಿಗೆ ಲಸಿಕೆ ಹಾಕುವುದು, ಬೀದಿನಾಯಿಗಳ ಸಂತಾನ ನಿಯಂತ್ರಿಸುವುದು, ಸತ್ತ ದನಕರುಗಳನ್ನು ಬಯಲಿಗೆ ಎಸೆಯದಿರುವುದು ತೋಳದ ತಳಿ ಪಾಲನೆಯ ಭಾಗವೇ ಆಗುತ್ತವೆ.

ಹಿಕ್ಕೆಯಲ್ಲಿದೆ ಲೆಕ್ಕ

ತೋಳಕ್ಕೆ ಹುಲಿಯಂತೆ ಪಟ್ಟೆಗಳಿಲ್ಲ. ಒಂದನ್ನು ಇನ್ನೊಂದರಿಂದ ಗುರುತಿಸುವುದು ಹೇಗೆ? ಅದಕ್ಕೆ ಅದರ ಹಿಕ್ಕೆ ಸಾಕು. ಕರುಳಿನ ಒಳಪೊರೆಯ ಜೀವಕೋಶಗಳು ಹಿಕ್ಕೆಗೆ ಅಂಟಿಕೊಂಡು ಬರುತ್ತವೆ. ಅವುಗಳಲ್ಲಿ ಡಿಎನ್‌ಎ ಇರುತ್ತದೆ. ಉದುರಿದ ಕೂದಲಿನ ಬುಡ, ಜೊಲ್ಲು ಕೂಡ ಆಗುತ್ತದೆ. ಪ್ರಾಣಿಯನ್ನು ಮುಟ್ಟದೆ, ಹೆದರಿಸದೆ, ಅದು ತೋಳವೋ ನಾಯಿಯೋ, ಗಂಡೋ ಹೆಣ್ಣೋ, ಯಾವ ಗುಂಪಿನದು, ಯಾರ ಮಗು, ಹೊರಗಿನಿಂದ ಬಂದದ್ದೇ ಎಂಬುದನ್ನೆಲ್ಲ ಹೇಳಬಹುದು.

ಹೀಗಾಗಿ ಗಣತಿಯ ಜೊತೆಗೆ ಕೇಳಬೇಕಾದ ಪ್ರಶ್ನೆಗಳು ಬದಲಾಗುತ್ತವೆ. ಯಡಹಳ್ಳಿಯ ತೋಳಗಳಲ್ಲಿ ಮರಿ ಮಾಡುವ ಜೋಡಿಗಳೆಷ್ಟು? ಕೃಷ್ಣೆಯ ಆಚೆಯ ವಿಜಯಪುರದ ಬಯಲಿನ ತೋಳಗಳಿಗೂ ಇವಕ್ಕೂ ಈಚಿನ ರಕ್ತಸಂಬಂಧವಿದೆಯೇ? ತೋಳ ಈಜಬಲ್ಲದು, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಾಟುತ್ತಿದೆಯೇ? ಕಬ್ಬಿನ ಸೀಮೆಯನ್ನು ಹಾಯ್ದು ಪಶ್ಚಿಮಕ್ಕೆ ಹೋಗಿ ಬರುತ್ತಿದೆಯೇ? ಐದು ವರ್ಷಕ್ಕೊಮ್ಮೆ ಇಂಥ ಪರೀಕ್ಷೆ ಮಾಡಿದರೆ ಯಾವ ದಾರಿ ತೆರೆದಿದೆ, ಯಾವುದು ಮುಚ್ಚುತ್ತಿದೆ ಎಂಬುದು ಕಾಲ ಮೀರುವ ಮೊದಲೇ ತಿಳಿಯುತ್ತದೆ.

ಕುರಿಗಾಹಿಯ ಪಾತ್ರ

ಇಷ್ಟೆಲ್ಲ ಲೆಕ್ಕದ ಕೊನೆಗೆ ನಾವು ಮತ್ತೆ ಕುರಿಹಟ್ಟಿಗೇ ಬರಬೇಕು. ಊರಿಂದೂರಿಗೆ ಹೋಗುವ ಒಂಟಿ ತೋಳ ಬೇಟೆ ಸಿಗದೆ ಹಸಿದಾಗ ಕುರಿಗೆ ಕೈಹಾಕುತ್ತದೆ. ನಾಲ್ಕು ಕುರಿ ಕಳೆದುಕೊಂಡವನಿಗೆ ಅದು ವಂಶವಾಹಿ ಹೊತ್ತು ತಂದ ಅತಿಥಿಯಾಗಿ ಕಾಣಲಾರದು. ಗುದ್ದಿಗೆ ಹೊಗೆ ಹಾಕಿ ಮರಿಗಳನ್ನು ಕೊಲ್ಲುವುದು, ಸತ್ತ ಕುರಿಗೆ ವಿಷ ಸವರಿಡುವುದು ಹುಟ್ಟುವುದು ಈ ಸಿಟ್ಟಿನಿಂದ. ತೋಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದ್ದು, ಕೊಲ್ಲುವುದು ಅಪರಾಧ. ಆದರೆ ಕಾಯ್ದೆಯೊಂದೇ ಹೊಲದ ನಡುವಿನ ಗುದ್ದನ್ನು ಕಾಯಲಾರದು. ಸತ್ತ ಕುರಿಗೆ ಪರಿಹಾರ ಅಲೆದಾಟವಿಲ್ಲದೆ, ಬೇಗ ಕೈಸೇರಬೇಕು. ರಾತ್ರಿ ತರುಬಲು ಗಟ್ಟಿ ಬಲೆ, ಬೆಳಕಿನ ನೆರವು ಬೇಕು. ಮೇಯಿಸಲು ಗಾಯರಾಣ ಉಳಿಯಬೇಕು. ಇದರಲ್ಲಿ ಕುರಿಗಾಹಿಯ ಹಿತವೂ ತೋಳದ ಹಿತವೂ ಬೇರೆಯಲ್ಲ: ಗಾಯರಾಣ ಹೋದರೆ ಇಬ್ಬರಿಗೂ ನೆಲೆಯಿಲ್ಲ.

ಟಗರು ಬದಲಿಸುವ ಕುರಿಗಾಹಿಗೆ ಹೊರಗಿನ ರಕ್ತದ ಬೆಲೆ ಗೊತ್ತಿದೆ. ತೋಳದ ವಿಷಯದಲ್ಲಿ ಆತ ಮಾಡಬೇಕಾದ್ದು ಇನ್ನೂ ಕಡಿಮೆ: ನಾಲ್ಕು ವರ್ಷಕ್ಕೊಮ್ಮೆ ಬರುವ ಒಂದೆರಡು ಹೊಸಬರನ್ನು ಹಾದುಹೋಗಲು ಬಿಡುವುದು. ಅವು ಹಾದುಹೋಗುವಷ್ಟು ನೆಲವನ್ನು ಉಳಿಸಿಕೊಡುವುದು ಉಳಿದವರ ಕೆಲಸ.